ಡಾ. ಯಲ್ಲಾಪ್ರಗಡ ಸುಬ್ಬಾರಾವ್

ಮಕ್ಕಳೇ, ನಿಮ್ಮ ಎಡಗೈಯ ಮಣಿಕಟ್ಟನ್ನು ಬಲಗೈಯಿಂದ ಒಮ್ಮೆ ಹಿಡಿದು ನೋಡಿ. ಮೇಲೆ ಮೆತ್ತನೆಯ ಚರ್ಮವಿದೆ. ಅದರ ಕೆಳಗೆ ಗಟ್ಟಿಯಾದ ಮೂಳೆ ಕೈಗೆ ತಗಲುತ್ತದೆ. ಹೆಬ್ಬೆರಳಿನ ಬುಡದ ಹತ್ತಿರ ಮೆಲ್ಲಗೆ ಒತ್ತಿದರೆ ನಾಡಿ ಮಿಡಿಯುವುದು ತಿಳಿಯುತ್ತದೆ. ಚರ್ಮ, ಮೂಳೆ, ರಕ್ತ ಇವೆಲ್ಲ ಸೇರಿ ನಮ್ಮ ದೇಹವಾಗಿದೆ ಎಂದು ನಿಮಗೆ ಗೊತ್ತು. ಆದರೆ ಚರ್ಮ ಯಾವುದರಿಂದ ಆಗಿದೆ? ಮೂಳೆ ಯಾವುದರಿಂದ ಆಗಿದೆ? ನೀವು ಓಡುವಾಗ ಕಾಲಿಗೆ ಬಲ ಎಲ್ಲಿಂದ ಬರುತ್ತದೆ? ಇದನ್ನು ಎಂದಾದರೂ ಯೋಚಿಸಿದ್ದೀರಾ?

ದೊಡ್ಡವರ ದೇಹದಲ್ಲಿ 206 ಮೂಳೆಗಳಿವೆ. ದೇಹದ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ನೀರು. 60 ಕಿಲೋಗ್ರಾಂ ತೂಗುವ ಒಬ್ಬ ಮನುಷ್ಯನಲ್ಲಿ ಸುಮಾರು 36 ಕಿಲೋಗ್ರಾಂ ನೀರೇ ಇರುತ್ತದೆ! ಇನ್ನೂ ಆಳಕ್ಕೆ ಹೋದರೆ ಆಮ್ಲಜನಕ, ಇಂಗಾಲ, ಜಲಜನಕ, ಸಾರಜನಕ ಎಂಬ ನಾಲ್ಕು ಮೂಲವಸ್ತುಗಳು ಸಿಗುತ್ತವೆ. ದೇಹದ ತೂಕದ 100 ಪಾಲಿನಲ್ಲಿ ಸುಮಾರು 96 ಪಾಲು ಈ ನಾಲ್ಕರಿಂದಲೇ ಆಗಿದೆ. ಉಳಿದ ನಾಲ್ಕು ಪಾಲಿನಲ್ಲಿ ಕ್ಯಾಲ್ಸಿಯಂ, ರಂಜಕ, ಉಪ್ಪಿನ ಅಂಶ, ಕಬ್ಬಿಣ ಮೊದಲಾದವು ಇವೆ. ಕಬ್ಬಿಣ ಇರುವುದು ಬಹಳ ಸ್ವಲ್ಪ. ಒಂದು ಸಣ್ಣ ಮೊಳೆಯಷ್ಟು ಮಾತ್ರ. ಆದರೆ ಅಷ್ಟು ಇಲ್ಲದಿದ್ದರೆ ನಮ್ಮ ರಕ್ತ ತನ್ನ ಕೆಲಸ ಮಾಡಲಾರದು.

ಇವುಗಳಲ್ಲಿ ರಂಜಕವನ್ನು ನೀವು ದಿನವೂ ಮನೆಯಲ್ಲಿ ನೋಡುತ್ತೀರಿ. ಬೆಂಕಿಪೊಟ್ಟಣದ ಪಕ್ಕದಲ್ಲಿ ಕಡ್ಡಿ ಗೀರುವ ಕಂದು ಪಟ್ಟಿ ಇದೆಯಲ್ಲ, ಅದರಲ್ಲಿ ರಂಜಕವಿದೆ. ನಮ್ಮ ದೇಹದ ತೂಕದಲ್ಲಿ ನೂರಕ್ಕೆ ಒಂದು ಪಾಲು ರಂಜಕ. ಅದರಲ್ಲಿ ಬಹುಪಾಲು ಮೂಳೆ ಮತ್ತು ಹಲ್ಲುಗಳಲ್ಲಿದೆ. ಉಳಿದದ್ದು ರಕ್ತದಲ್ಲಿ, ಸ್ನಾಯುಗಳಲ್ಲಿ, ದೇಹದ ಪ್ರತಿಯೊಂದು ಜೀವಕೋಶದಲ್ಲಿ ಹರಡಿಕೊಂಡಿದೆ. ಈ ಸ್ವಲ್ಪ ರಂಜಕ ಅಲ್ಲಿ ಏನು ಮಾಡುತ್ತದೆ? ಈ ಗುಟ್ಟನ್ನು ತಿಳಿಯಲು ಶ್ರಮಿಸಿದವರಲ್ಲಿ ನಮ್ಮ ಆಂಧ್ರಪ್ರದೇಶದ ಒಬ್ಬ ವಿಜ್ಞಾನಿ ಮುಖ್ಯರಾದವರು. ಅವರೇ ಡಾ. ಯಲ್ಲಾಪ್ರಗಡ ಸುಬ್ಬಾರಾವ್. ಅವರ ಜೀವನದ ಕಥೆಯನ್ನು ಈಗ ತಿಳಿಯೋಣ.

ಸುಬ್ಬಾರಾವ್ ಅವರು 1895ನೇ ಇಸವಿ ಜನವರಿ 12 ರಂದು ಭೀಮಾವರಂನಲ್ಲಿ ಹುಟ್ಟಿದರು. ಈ ಊರು ಪಶ್ಚಿಮ ಗೋದಾವರಿ ಜಿಲ್ಲೆಯಲ್ಲಿದೆ. ಆಗ ಭೀಮಾವರಂ ಮಾತ್ರವಲ್ಲ, ಆದೋನಿ, ರಾಯದುರ್ಗ, ಮಡಕಶಿರಾ ಎಲ್ಲವೂ ಮದರಾಸು ಪ್ರಾಂತಕ್ಕೆ ಸೇರಿದ್ದವು. ದೇಶವನ್ನು ಇಂಗ್ಲಿಷರು ಆಳುತ್ತಿದ್ದರು. ಸುಬ್ಬಾರಾವ್ ಅವರ ತಂದೆ ಜಗನ್ನಾಥಂ, ತಾಯಿ ವೆಂಕಮ್ಮ. ಮನೆಯಲ್ಲಿ ಮಕ್ಕಳು ಬಹಳ. ಹಣ ಮಾತ್ರ ಕಡಿಮೆ.

ಬಾಲಕ ಸುಬ್ಬಾರಾವ್‌ಗೆ ಮೊದಮೊದಲು ಓದಿನಲ್ಲಿ ಮನಸ್ಸು ನಿಲ್ಲಲಿಲ್ಲ. ಒಮ್ಮೆ ಅವನು ಕಾಶಿಗೆ ಹೋಗಿ ಯಾತ್ರಿಕರಿಗೆ ಬಾಳೆಹಣ್ಣು ಮಾರಿ ಹಣ ಗಳಿಸಬೇಕೆಂದು ಮನೆ ಬಿಟ್ಟು ಹೊರಟನಂತೆ. ಮನೆಯವರು ಅವನನ್ನು ಹುಡುಕಿ ಹಿಂದಕ್ಕೆ ಕರೆತಂದರು. ತಾಯಿ ವೆಂಕಮ್ಮನವರು ಹಟ ಬಿಡಲಿಲ್ಲ. ಮಗ ಓದಲೇಬೇಕೆಂದು ಅವನನ್ನು ರಾಜಮಹೇಂದ್ರಿಯ ಶಾಲೆಗೆ ಕಳುಹಿಸಿದರು. ಈ ನಡುವೆ ಮನೆಯಲ್ಲಿ ಸಾವು ನೋವುಗಳು ಬಂದವು. ಓದು ಕುಂಟಿತು. ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಸುಬ್ಬಾರಾವ್ ಎರಡು ಸಲ ಸೋತರು. ಮೂರನೆಯ ಸಲ ಮದರಾಸಿನ ಹಿಂದೂ ಹೈಸ್ಕೂಲಿನಿಂದ ಕುಳಿತು ತೇರ್ಗಡೆಯಾದರು. ಎರಡು ಸಲ ಸೋತ ಹುಡುಗನೇ ಮುಂದೆ ಲೋಕಪ್ರಸಿದ್ಧ ವಿಜ್ಞಾನಿಯಾದನು ಎಂಬುದನ್ನು ನೆನಪಿಡಿ.

ಮದರಾಸಿನಲ್ಲಿ ಅವರಿಗೆ ರಾಮಕೃಷ್ಣ ಮಿಷನ್ನಿನ ಪರಿಚಯವಾಯಿತು. ಸನ್ಯಾಸಿಯಾಗಿ ಜನರ ಸೇವೆ ಮಾಡಬೇಕೆಂಬ ಆಸೆ ಹುಟ್ಟಿತು. ತಾಯಿ ಅದಕ್ಕೆ ಒಪ್ಪಲಿಲ್ಲ. ವೈದ್ಯನಾದರೂ ಜನರ ಸೇವೆ ಮಾಡಬಹುದೆಂದು ಮಿಷನ್ನಿನ ಹಿರಿಯರು ತಿಳಿಹೇಳಿದರು. ಸುಬ್ಬಾರಾವ್ ಮದರಾಸು ವೈದ್ಯಕೀಯ ಕಾಲೇಜಿಗೆ ಸೇರಿದರು. ಸ್ನೇಹಿತರು ನೆರವಾದರು. 1919 ರಲ್ಲಿ ಶೇಷಗಿರಿ ಎಂಬವರೊಡನೆ ಅವರ ಮದುವೆಯಾಯಿತು. ಹೆಣ್ಣು ಕೊಟ್ಟ ಮಾವನವರೂ ಅವರ ಓದಿನ ಖರ್ಚಿಗೆ ಸಹಾಯ ಮಾಡಿದರು.

ಆ ದಿನಗಳಲ್ಲಿ ಗಾಂಧೀಜಿಯವರು ವಿದೇಶಿ ಬಟ್ಟೆಯನ್ನು ಬಿಟ್ಟು ಖಾದಿ ಉಡಬೇಕೆಂದು ಕರೆ ಕೊಟ್ಟಿದ್ದರು. ಸುಬ್ಬಾರಾವ್ ಶಸ್ತ್ರಚಿಕಿತ್ಸೆಯ ಕೋಣೆಗೂ ಖಾದಿಯ ನಿಲುವಂಗಿ ತೊಟ್ಟು ಹೋದರು. ಇದು ಅಲ್ಲಿಯ ಇಂಗ್ಲಿಷ್ ಪ್ರಾಧ್ಯಾಪಕರೊಬ್ಬರಿಗೆ ಹಿಡಿಸಲಿಲ್ಲ. ಅವರು ಬಹಳ ಸಿಟ್ಟಾದರು. ಸುಬ್ಬಾರಾವ್ ಪರೀಕ್ಷೆಯನ್ನು ಚೆನ್ನಾಗಿ ಬರೆದಿದ್ದರೂ ಅವರಿಗೆ ಪೂರ್ಣ ವೈದ್ಯ ಪದವಿ ಸಿಗಲಿಲ್ಲ. ಅದಕ್ಕಿಂತ ಕೆಳಗಿನ ಎಲ್.ಎಂ.ಎಸ್. ಎಂಬ ಪ್ರಮಾಣಪತ್ರ ಮಾತ್ರ ಸಿಕ್ಕಿತು. ಸರಕಾರಿ ವೈದ್ಯ ಸೇವೆಗೆ ಸೇರುವ ಪ್ರಯತ್ನವೂ ಫಲಿಸಲಿಲ್ಲ. ಆದರೂ ಅವರು ಖಾದಿ ತೊಟ್ಟದ್ದಕ್ಕಾಗಿ ಯಾರ ಮುಂದೆಯೂ ತಲೆಬಾಗಲಿಲ್ಲ.

ಇದೇ ಕಾಲದಲ್ಲಿ ಮನೆಗೆ ಇನ್ನೊಂದು ದೊಡ್ಡ ದುಃಖ ಬಂದಿತು. ಸ್ಪ್ರೂ ಎಂಬ ರೋಗಕ್ಕೆ ಅವರ ಇಬ್ಬರು ಸೋದರರು ಬಲಿಯಾದರು. ಕೆಲವೇ ದಿನಗಳ ಅಂತರದಲ್ಲಿ ಇಬ್ಬರೂ ತೀರಿಕೊಂಡರು. ಈ ರೋಗ ಬಂದವರಿಗೆ ತಿಂದ ಅನ್ನ ಮೈಗೆ ಹತ್ತುವುದಿಲ್ಲ. ಭೇದಿ ನಿಲ್ಲುವುದಿಲ್ಲ. ರಕ್ತ ಕಡಿಮೆಯಾಗಿ ಮೈ ಬಿಳಿಚಿಕೊಳ್ಳುತ್ತದೆ. ಬರಬರುತ್ತಾ ಮನುಷ್ಯ ಎಲುಬಿನ ಹಂದರವಾಗುತ್ತಾನೆ. ಆಗ ಈ ರೋಗಕ್ಕೆ ಸರಿಯಾದ ಔಷಧ ಯಾವ ವೈದ್ಯರಲ್ಲಿಯೂ ಇರಲಿಲ್ಲ. ವೈದ್ಯಶಾಸ್ತ್ರ ಕಲಿತ ಸುಬ್ಬಾರಾವ್ ಅವರಿಗೂ ತಮ್ಮ ಒಡಹುಟ್ಟಿದವರನ್ನು ಉಳಿಸಿಕೊಳ್ಳಲು ಆಗಲಿಲ್ಲ. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಓದಿ.

ಸುಬ್ಬಾರಾವ್ ಮದರಾಸಿನ ಒಂದು ಆಯುರ್ವೇದ ಕಾಲೇಜಿನಲ್ಲಿ ಅಂಗರಚನಾ ಶಾಸ್ತ್ರದ ಅಧ್ಯಾಪಕರಾದರು. ದೇಹದಲ್ಲಿ ಯಾವ ಮೂಳೆ ಎಲ್ಲಿದೆ, ಯಾವ ನರ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ತಿಳಿಸುವ ಶಾಸ್ತ್ರವಿದು. ಅಂದರೆ, ಕಣ್ಣಿಗೆ ಕಾಣುವ ದೇಹವನ್ನು ಅವರು ಕಲಿಸುತ್ತಿದ್ದರು. ಆದರೆ ರೋಗಗಳನ್ನು ಗೆಲ್ಲಬೇಕಾದರೆ ಕಣ್ಣಿಗೆ ಕಾಣದ ದೇಹವನ್ನೂ ತಿಳಿಯಬೇಕು. ಇನ್ನೂ ಹೆಚ್ಚಿಗೆ ಕಲಿಯಲು ಅಮೆರಿಕಕ್ಕೆ ಹೋಗಬೇಕೆಂದು ಅವರು ನಿಶ್ಚಯಿಸಿದರು. ಕಾಕಿನಾಡದ ಒಂದು ಧರ್ಮಸಂಸ್ಥೆಯವರೂ ಮಾವನವರೂ ಹಣ ಕೊಟ್ಟರು. ಹೆಂಡತಿಯನ್ನು ಊರಿನಲ್ಲಿಯೇ ಬಿಟ್ಟು ಸುಬ್ಬಾರಾವ್ ಹಡಗು ಹತ್ತಿದರು. 1922ನೇ ಇಸವಿ ಅಕ್ಟೋಬರ್ 26 ರಂದು ಅವರು ಬಾಸ್ಟನ್ ನಗರವನ್ನು ಮುಟ್ಟಿದರು.

ಬಾಸ್ಟನ್ನಿನ ಹತ್ತಿರ ಹಾರ್ವರ್ಡ್ ಎಂಬ ದೊಡ್ಡ ವಿಶ್ವವಿದ್ಯಾನಿಲಯವಿದೆ. ಅಲ್ಲಿ ಉಷ್ಣದೇಶಗಳ ರೋಗಗಳನ್ನು ಕುರಿತು ಕಲಿಸುವ ಶಾಲೆಗೆ ಅವರು ಸೇರಿದರು. ಹಗಲು ಪಾಠ. ರಾತ್ರಿ ಹೊಟ್ಟೆಪಾಡಿಗಾಗಿ ಆಸ್ಪತ್ರೆಯೊಂದರಲ್ಲಿ ಆಳಿನ ಕೆಲಸ. ರೋಗಿಗಳು ಮಲಮೂತ್ರ ಮಾಡಿದ ಪಾತ್ರೆಗಳನ್ನೂ ಅವರು ತೊಳೆಯಬೇಕಾಗಿತ್ತು. ತಮ್ಮ ಊರಿನಲ್ಲಿ ವೈದ್ಯರೆನಿಸಿಕೊಂಡವರು ಅಲ್ಲಿ ಈ ಕೆಲಸವನ್ನು ನಾಚದೆ ಮಾಡಿದರು. ಕೆಲಸ ಯಾವುದಾದರೂ ಕೀಳಲ್ಲ ಎಂಬುದನ್ನು ಅವರ ಬಾಳು ತೋರಿಸುತ್ತದೆ.

ಅಲ್ಲಿಯ ಕಲಿಕೆ ಮುಗಿದ ಮೇಲೆ ಅವರು ಹಾರ್ವರ್ಡಿನ ಜೀವರಸಾಯನ ವಿಭಾಗದಲ್ಲಿ ಸೈರಸ್ ಫಿಸ್ಕ್ ಎಂಬ ವಿಜ್ಞಾನಿಯ ಜೊತೆಗೆ ಕೆಲಸ ಮಾಡತೊಡಗಿದರು. ರಕ್ತದಲ್ಲಿ, ಮೂತ್ರದಲ್ಲಿ, ಮಾಂಸದಲ್ಲಿ ರಂಜಕ ಎಷ್ಟಿದೆ ಎಂದು ಅಳೆಯುವುದು ಆಗ ಬಹಳ ಕಷ್ಟವಾಗಿತ್ತು. ತಕ್ಕಡಿಯಲ್ಲಿ ಹಾಕಿ ತೂಗುವ ವಸ್ತು ಅದಲ್ಲ. ಕಣ್ಣಿಗೆ ಕಾಣುವುದೂ ಇಲ್ಲ. ಹಾಗಾದರೆ ಅಳೆಯುವುದು ಹೇಗೆ?

ನಿಮ್ಮ ಮನೆಯಲ್ಲಿ ಬಿಳಿ ಬಟ್ಟೆಗೆ ನೀಲಿ ಹಾಕುವುದನ್ನು ನೋಡಿದ್ದೀರಲ್ಲವೇ? ಒಂದು ಬಕೆಟ್ ನೀರಿಗೆ ಎರಡು ಹನಿ ನೀಲಿ ಹಾಕಿದರೆ ತಿಳಿನೀಲಿ ಬಣ್ಣ ಬರುತ್ತದೆ. ಹತ್ತು ಹನಿ ಹಾಕಿದರೆ ಬಣ್ಣ ಗಾಢವಾಗುತ್ತದೆ. ಬಣ್ಣವನ್ನು ನೋಡಿಯೇ ಎಷ್ಟು ನೀಲಿ ಹಾಕಿದ್ದಾರೆಂದು ಅಮ್ಮ ಹೇಳಬಲ್ಲರು. ಫಿಸ್ಕ್ ಮತ್ತು ಸುಬ್ಬಾರಾವ್ ಅವರ ಉಪಾಯವೂ ಇಂಥದೇ. ಅವರು ರಕ್ತದ ದ್ರವಕ್ಕೆ ಕೆಲವು ರಾಸಾಯನಿಕಗಳನ್ನು ಸೇರಿಸಿದರು. ದ್ರವದಲ್ಲಿ ರಂಜಕದ ಅಂಶವಿದ್ದರೆ ಅದು ನೀಲಿಯಾಗುತ್ತಿತ್ತು. ರಂಜಕ ಕಡಿಮೆ ಇದ್ದರೆ ತಿಳಿನೀಲಿ, ಹೆಚ್ಚು ಇದ್ದರೆ ಗಾಢನೀಲಿ. ಎಷ್ಟು ರಂಜಕವಿದೆಯೆಂದು ಮೊದಲೇ ತಿಳಿದಿರುವ ಇನ್ನೊಂದು ದ್ರವದ ಬಣ್ಣದೊಡನೆ ಹೋಲಿಸಿ ನೋಡಿದರೆ ಲೆಕ್ಕ ಸಿಗುತ್ತಿತ್ತು. 1925 ರಲ್ಲಿ ಅವರು ಈ ವಿಧಾನವನ್ನು ಪ್ರಕಟಿಸಿದರು. ಅದಕ್ಕೆ ಫಿಸ್ಕ್-ಸುಬ್ಬಾರಾವ್ ವಿಧಾನ ಎಂಬ ಹೆಸರು ಬಂದಿತು. ಲೋಕದ ಎಷ್ಟೋ ಪ್ರಯೋಗಶಾಲೆಗಳಲ್ಲಿ ವಿದ್ಯಾರ್ಥಿಗಳು ಇದನ್ನು ಕಲಿತರು.

ಅಳೆಯುವ ಕೋಲು ಸಿಕ್ಕಿದ ಮೇಲೆ ಹೊಸ ಸಂಗತಿಗಳು ಹೊರಬಿದ್ದವು. ಸ್ನಾಯುಗಳಿಗೆ ಬಲ ಎಲ್ಲಿಂದ ಬರುತ್ತದೆ ಎಂಬುದು ಆಗ ದೊಡ್ಡ ಪ್ರಶ್ನೆಯಾಗಿತ್ತು. ಸ್ನಾಯುವಿನಲ್ಲಿರುವ ಸಕ್ಕರೆಯ ಅಂಶ ಲ್ಯಾಕ್ಟಿಕ್ ಆಮ್ಲವಾಗುವಾಗ ಸಿಗುವ ಬಲದಿಂದಲೇ ಸ್ನಾಯು ನೇರವಾಗಿ ಕೆಲಸ ಮಾಡುತ್ತದೆಂದು ಹಲವರು ನಂಬಿದ್ದರು. ಫಿಸ್ಕ್ ಮತ್ತು ಸುಬ್ಬಾರಾವ್ ಪ್ರಾಣಿಗಳ ಸ್ನಾಯುಗಳನ್ನು ಪರೀಕ್ಷಿಸಿದರು. ಅಲ್ಲಿ ರಂಜಕವುಳ್ಳ ಹೊಸ ವಸ್ತುವೊಂದು ಕಂಡುಬಂದಿತು. ಸ್ನಾಯು ದುಡಿಯುವಾಗ ಆ ವಸ್ತು ಕಡಿಮೆಯಾಗುತ್ತಿತ್ತು. ದಣಿವಾರಿಸಿಕೊಳ್ಳುವಾಗ ಮತ್ತೆ ತುಂಬಿಕೊಳ್ಳುತ್ತಿತ್ತು. ಅದರ ಹೆಸರು ಫಾಸ್ಫೋಕ್ರಿಯೇಟಿನ್. ಈ ಸಂಗತಿಯನ್ನು ಅವರು 1927 ರಲ್ಲಿ ತಿಳಿಸಿದರು.

ಎರಡು ವರ್ಷದ ಬಳಿಕ, 1929 ರಲ್ಲಿ, ಅವರು ಸ್ನಾಯುವಿನಲ್ಲಿ ಇನ್ನೂ ಮುಖ್ಯವಾದ ವಸ್ತುವನ್ನು ಕಂಡುಹಿಡಿದರು. ಅದೇ ಎ.ಟಿ.ಪಿ. ಅದೇ ವರ್ಷ ಜರ್ಮನಿಯ ಕಾರ್ಲ್ ಲೋಹ್ಮನ್ ಎಂಬ ವಿಜ್ಞಾನಿಯೂ ಇದನ್ನು ಬೇರೆಯಾಗಿ ಕಂಡುಹಿಡಿದಿದ್ದರು. ಎ.ಟಿ.ಪಿ.ಯ ಒಂದೊಂದು ಕಣದಲ್ಲೂ ರಂಜಕದ ಮೂರು ಗುಂಪುಗಳು ಸಾಲಾಗಿ ಕೂಡಿಕೊಂಡಿರುತ್ತವೆ. ದೇಹಕ್ಕೆ ಬಲ ಬೇಕಾದಾಗ ಕೊನೆಯ ಗುಂಪು ಕಳಚಿಕೊಳ್ಳುತ್ತದೆ. ಆಗ ಶಕ್ತಿ ಹೊರಬರುತ್ತದೆ. ನಾವು ಉಂಡ ಊಟದ ಶಕ್ತಿಯಿಂದ ಆ ಗುಂಪು ಮತ್ತೆ ಕೂಡಿಕೊಳ್ಳುತ್ತದೆ. ಹೀಗೆ ಕಳಚುವುದು, ಕೂಡುವುದು ಹಗಲಿರುಳು ನಡೆಯುತ್ತಲೇ ಇರುತ್ತದೆ.

ನೀವು ಕಬಡ್ಡಿ ಆಡುವಾಗ ಎದುರಾಳಿಯ ಅಂಕಣಕ್ಕೆ ನುಗ್ಗುತ್ತೀರಿ. ಆ ಕ್ಷಣದಲ್ಲಿ ನಿಮ್ಮ ಕಾಲಿನ ಸ್ನಾಯುಗಳು ಎ.ಟಿ.ಪಿ.ಯನ್ನು ಖರ್ಚು ಮಾಡುತ್ತವೆ. ಖರ್ಚಾದದ್ದನ್ನು ಫಾಸ್ಫೋಕ್ರಿಯೇಟಿನ್ ಥಟ್ಟನೆ ತುಂಬಿಕೊಡುತ್ತದೆ. ಆದರೆ ಅದು ಕೆಲವೇ ಸೆಕೆಂಡುಗಳಿಗೆ ಸಾಲುತ್ತದೆ. ಹಿಂದಕ್ಕೆ ಬಂದು ಏದುಸಿರು ಬಿಡುತ್ತಾ ನಿಂತಾಗ ಅದು ಮತ್ತೆ ತುಂಬಿಕೊಳ್ಳುತ್ತದೆ. ಓಡುವಾಗ ಮಾತ್ರವಲ್ಲ, ನೀವು ಈ ಪಾಠ ಓದುತ್ತಿರುವಾಗಲೂ, ಮಲಗಿ ನಿದ್ರಿಸುವಾಗಲೂ ನಿಮ್ಮ ಹೃದಯ ಮಿಡಿಯುವುದು ಎ.ಟಿ.ಪಿ.ಯ ಬಲದಿಂದಲೇ. ಇರುವೆ, ಹಕ್ಕಿ, ಬೇವಿನ ಮರ ಎಲ್ಲಕ್ಕೂ ಇದೇ ಬೇಕು. ಬೆಂಕಿಪೊಟ್ಟಣದಲ್ಲಿರುವ ರಂಜಕವೇ ನಮ್ಮ ದೇಹದಲ್ಲಿ ಹೀಗೆ ಬೇರೊಂದು ರೂಪದಲ್ಲಿ ಬಲ ಕೊಡುವ ಕೆಲಸ ಮಾಡುತ್ತದೆ. ಎಷ್ಟು ಸೋಜಿಗ ನೋಡಿ!

1930 ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯ ಅವರಿಗೆ ಡಾಕ್ಟರೇಟ್ ಪದವಿ ಕೊಟ್ಟಿತು. ಆದರೆ ಇಷ್ಟು ಕೆಲಸ ಮಾಡಿದರೂ ಅಲ್ಲಿ ಅವರಿಗೆ ಪ್ರಾಧ್ಯಾಪಕರ ಕಾಯಂ ಹುದ್ದೆ ದೊರೆಯಲಿಲ್ಲ. ಮನೆಯ ಕಡೆಯೂ ದುಃಖವೇ. ಅವರ ಒಬ್ಬನೇ ಮಗ ಹಾಲುಗೂಸಾಗಿರುವಾಗಲೇ ಊರಿನಲ್ಲಿ ತೀರಿಕೊಂಡಿದ್ದನು. ಶೇಷಗಿರಿಯವರು ಗಂಡನ ದಾರಿ ಕಾಯುತ್ತಾ ಊರಿನಲ್ಲಿಯೇ ಇದ್ದರು. ಅವರಿಬ್ಬರು ಮತ್ತೆ ಒಬ್ಬರನ್ನೊಬ್ಬರು ನೋಡಲೇ ಇಲ್ಲ. ವಿಜ್ಞಾನದ ದೊಡ್ಡ ಕೆಲಸಗಳ ಹಿಂದೆ ಇಂಥ ತ್ಯಾಗಗಳೂ ಇರುತ್ತವೆ. ಸುಬ್ಬಾರಾವ್ ಅವರನ್ನು ನೆನೆಯುವಾಗ ಈ ತಾಯಿಯನ್ನೂ ನಾವು ನೆನೆಯಬೇಕು.

1940 ರಲ್ಲಿ ಸುಬ್ಬಾರಾವ್ ಹಾರ್ವರ್ಡನ್ನು ಬಿಟ್ಟು ಲೆಡರ್ಲೆ ಎಂಬ ಔಷಧ ತಯಾರಿಸುವ ಸಂಸ್ಥೆಗೆ ಸೇರಿದರು. ಅದು ನ್ಯೂಯಾರ್ಕ್ ರಾಜ್ಯದ ಪರ್ಲ್ ರಿವರ್ ಎಂಬ ಊರಿನಲ್ಲಿತ್ತು. ಮುಂದೆ ಅಲ್ಲಿಯ ಸಂಶೋಧನೆಗೆ ಅವರೇ ಮುಖ್ಯಸ್ಥರಾದರು. ಹಲವಾರು ವಿಜ್ಞಾನಿಗಳು ಅವರ ಕೈಕೆಳಗೆ ಒಂದು ತಂಡವಾಗಿ ದುಡಿದರು. ಆಗ ಎರಡನೆಯ ಮಹಾಯುದ್ಧ ನಡೆಯುತ್ತಿತ್ತು. ಹೊಸ ಔಷಧಗಳು ಬಹಳ ಬೇಕಾಗಿದ್ದವು.

ನಮ್ಮ ರಕ್ತದ ಕೆಂಪು ಕಣಗಳು ಸುಮಾರು 120 ದಿನ ಬದುಕುತ್ತವೆ. ಹಳೆಯವು ಸಾಯುತ್ತಾ ಹೋಗುತ್ತವೆ, ಮೂಳೆಯೊಳಗಿನ ಮಜ್ಜೆಯಲ್ಲಿ ಹೊಸವು ಹುಟ್ಟುತ್ತಾ ಇರುತ್ತವೆ. ಹೊಸ ಕಣಗಳು ಹುಟ್ಟಲು ಫೋಲಿಕ್ ಆಮ್ಲ ಎಂಬ ಜೀವಸತ್ವ ಬೇಕು. ಹಸಿರು ಎಲೆಗಳಲ್ಲಿ ಸಿಗುವುದರಿಂದ, ಎಲೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಅದಕ್ಕೆ ಈ ಹೆಸರು ಬಂದಿದೆ. ಆದರೆ ಎಲೆಯಲ್ಲಾಗಲಿ, ಪ್ರಾಣಿಗಳ ಯಕೃತ್ತಿನಲ್ಲಾಗಲಿ ಅದು ಇರುವುದು ಬಹಳ ಸ್ವಲ್ಪ. ಅದರಿಂದ ತೆಗೆದು ರೋಗಿಗಳಿಗೆ ಕೊಡುವುದು ಸುಲಭವಲ್ಲ. ಸುಬ್ಬಾರಾವ್ ಅವರ ತಂಡ 1945 ರಲ್ಲಿ ಫೋಲಿಕ್ ಆಮ್ಲವನ್ನು ಪ್ರಯೋಗಶಾಲೆಯಲ್ಲಿಯೇ ತಯಾರಿಸಿತು. ವೈದ್ಯರು ಅದನ್ನು ಸ್ಪ್ರೂ ರೋಗಿಗಳಿಗೆ ಕೊಟ್ಟರು. ರೋಗಿಗಳ ರಕ್ತ ಚೇತರಿಸಿತು. ಅವರಿಗೆ ಊಟ ರುಚಿಸತೊಡಗಿತು.

ಸ್ಪ್ರೂ ಎಂಬ ಹೆಸರು ನಿಮಗೆ ನೆನಪಿದೆಯೇ? ಅವರ ಸೋದರರ ಪ್ರಾಣ ತೆಗೆದ ರೋಗವೇ ಅದು. ತಮ್ಮವರನ್ನು ಉಳಿಸಲು ಸಿಗದೆ ಹೋದ ಔಷಧ ಸುಮಾರು ಕಾಲು ಶತಮಾನದ ಮೇಲೆ ಅವರ ತಂಡದ ಕೈಗೇ ಬಂದಿತು. ಸೋದರರಿಗೆ ಅದು ಸಿಗಲಿಲ್ಲ. ಆದರೆ ಲೋಕದ ಲಕ್ಷಾಂತರ ಮನೆಗಳಿಗೆ ಸಿಕ್ಕಿತು.

ಅವರ ತಂಡದ ಕೆಲಸ ಅಷ್ಟಕ್ಕೇ ನಿಲ್ಲಲಿಲ್ಲ. ಸೊಳ್ಳೆಯಿಂದ ಹರಡುವ ಆನೆಕಾಲು ರೋಗದ ಹೆಸರನ್ನು ನೀವು ಕೇಳಿರಬಹುದು. ಆ ರೋಗದ ಹುಳುಗಳನ್ನು ಕೊಲ್ಲುವ ಡಿ.ಇ.ಸಿ. ಎಂಬ ಔಷಧ 1947 ರಲ್ಲಿ ಅದೇ ಪ್ರಯೋಗಶಾಲೆಯಿಂದ ಬಂದಿತು. ಆ ರೋಗವಿರುವ ಜಿಲ್ಲೆಗಳಲ್ಲಿ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಬಂದು ಕೊಡುವ ಮಾತ್ರೆಗಳಲ್ಲಿ ಇದೂ ಒಂದು. ಅದೇ ಸಂಸ್ಥೆಯಲ್ಲಿ ಬೆಂಜಮಿನ್ ಡಗ್ಗರ್ ಎಂಬ ವಯಸ್ಸಾದ ವಿಜ್ಞಾನಿ ಮಣ್ಣಿನಲ್ಲಿರುವ ಸೂಕ್ಷ್ಮಜೀವಿಗಳನ್ನು ಪರೀಕ್ಷಿಸುತ್ತಿದ್ದರು. ಅವುಗಳಲ್ಲಿ ಒಂದರಿಂದ ಆರಿಯೋಮೈಸಿನ್ ಎಂಬ ಹಳದಿ ಬಣ್ಣದ ಔಷಧ ಸಿಕ್ಕಿತು. ಅದನ್ನು 1948 ರಲ್ಲಿ ಲೋಕಕ್ಕೆ ತಿಳಿಸಲಾಯಿತು. ಅದು ಹಲವು ಬಗೆಯ ರೋಗಾಣುಗಳನ್ನು ತಡೆಯುತ್ತಿತ್ತು.

ಇನ್ನೊಂದು ಕೆಲಸವನ್ನು ಕೇಳಿ. ರಕ್ತದ ಕ್ಯಾನ್ಸರ್ ಬಂದ ಮಕ್ಕಳಲ್ಲಿ ರಕ್ತದ ಬಿಳಿ ಕಣಗಳು ಅಂಕೆಯಿಲ್ಲದೆ ಹುಟ್ಟುತ್ತವೆ. ಆ ಕಣಗಳು ಹುಟ್ಟಲೂ ಫೋಲಿಕ್ ಆಮ್ಲ ಬೇಕು. ಫೋಲಿಕ್ ಆಮ್ಲದಂತೆಯೇ ಕಂಡರೂ ಅದರ ಕೆಲಸವನ್ನು ತಡೆಯುವ ವಸ್ತುಗಳನ್ನು ಸುಬ್ಬಾರಾವ್ ಅವರ ತಂಡ ತಯಾರಿಸಿತು. ಬೀಗದೊಳಗೆ ಹೋಗುತ್ತದೆ, ಆದರೆ ತಿರುಗುವುದಿಲ್ಲ, ಅಂಥ ಬೀಗದ ಕೈ ಇದ್ದ ಹಾಗೆ ಇವು. ಬಾಸ್ಟನ್ನಿನ ವೈದ್ಯರಾದ ಸಿಡ್ನಿ ಫಾರ್ಬರ್ ಅವರು ಇಂಥ ಒಂದು ಔಷಧವನ್ನು ರೋಗಿ ಮಕ್ಕಳಿಗೆ ಕೊಟ್ಟರು. ಹಾಸಿಗೆ ಹಿಡಿದಿದ್ದ ಕೆಲವು ಮಕ್ಕಳು ಎದ್ದು ಓಡಾಡಿದರು. ಆ ಸುಖ ಹೆಚ್ಚು ಕಾಲ ಉಳಿಯಲಿಲ್ಲ. ರೋಗ ಮತ್ತೆ ಮರಳಿತು. ಆದರೂ ಔಷಧದಿಂದ ಈ ರೋಗವನ್ನು ಹಿಮ್ಮೆಟ್ಟಿಸಬಹುದೆಂಬ ಭರವಸೆ ಆಗ ಮೂಡಿತು. ಅದೇ ಗುಂಪಿನ ಮೆಥೊಟ್ರೆಕ್ಸೇಟ್ ಎಂಬ ಔಷಧವನ್ನು ವೈದ್ಯರು ಇಂದಿಗೂ ಬಳಸುತ್ತಾರೆ. ಈಗ ಸರಿಯಾದ ಚಿಕಿತ್ಸೆ ದೊರೆತರೆ ರಕ್ತದ ಕ್ಯಾನ್ಸರ್ ಬಂದ ಬಹಳಷ್ಟು ಮಕ್ಕಳು ಗುಣಹೊಂದಿ ಶಾಲೆಗೆ ಮರಳುತ್ತಾರೆ.

ಇಷ್ಟೆಲ್ಲ ಮಾಡಿದರೂ ಸುಬ್ಬಾರಾವ್ ಹೆಸರಿಗಾಗಿ ಹಂಬಲಿಸಲಿಲ್ಲ. ಕೆಲಸದ ಕೀರ್ತಿ ಜೊತೆಯವರಿಗೆ ಸಲ್ಲಲಿ ಎಂದು ತಾವು ಹಿಂದೆ ನಿಲ್ಲುತ್ತಿದ್ದರು. ಆದುದರಿಂದಲೇ ಅವರ ಔಷಧಗಳನ್ನು ಬಲ್ಲವರು ಬಹಳ, ಅವರ ಹೆಸರನ್ನು ಬಲ್ಲವರು ಕಡಿಮೆ. 26 ವರ್ಷ ಅಮೆರಿಕದಲ್ಲಿದ್ದರೂ ಅವರು ಆ ದೇಶದ ಪ್ರಜೆಯಾಗಲಿಲ್ಲ. 1947 ರಲ್ಲಿ ಭಾರತ ಸ್ವತಂತ್ರವಾಯಿತು. ಮರುವರ್ಷ, 1948ನೇ ಇಸವಿ ಆಗಸ್ಟ್ ತಿಂಗಳಲ್ಲಿ, ಸುಬ್ಬಾರಾವ್ ಹೃದಯಾಘಾತದಿಂದ ತೀರಿಕೊಂಡರು. ಆಗ ಅವರಿಗೆ 53 ವರ್ಷ ಮಾತ್ರ. ಹುಟ್ಟಿದ ಊರನ್ನು ಮತ್ತೆ ನೋಡುವ ಭಾಗ್ಯ ಅವರಿಗೆ ಸಿಗಲಿಲ್ಲ.

ಆಮೇಲೆ ವಿಜ್ಞಾನಿಗಳು ಒಂದು ಜಾತಿಯ ಶಿಲೀಂಧ್ರಕ್ಕೆ ಸುಬ್ಬರೋಮೈಸಿಸ್ ಎಂದು ಅವರ ನೆನಪಿನ ಹೆಸರಿಟ್ಟರು. 1995 ರಲ್ಲಿ, ಅವರು ಹುಟ್ಟಿ ನೂರು ವರ್ಷವಾದಾಗ, ಭಾರತ ಸರಕಾರ ಅವರ ಚಿತ್ರವಿರುವ ಅಂಚೆಚೀಟಿಯನ್ನು ಹೊರತಂದಿತು.

ಮಕ್ಕಳೇ, ನಿಮ್ಮ ಶಾಲೆಯಲ್ಲಿ ವಾರಕ್ಕೊಮ್ಮೆ ರಕ್ತವೃದ್ಧಿಯ ಮಾತ್ರೆ ಕೊಡುತ್ತಾರಲ್ಲವೇ? ಚಿಕ್ಕವರಿಗೆ ಗುಲಾಬಿ ಬಣ್ಣದ್ದು, ಸ್ವಲ್ಪ ದೊಡ್ಡವರಿಗೆ ನೀಲಿ ಬಣ್ಣದ್ದು. ಅದರಲ್ಲಿ ಎರಡು ವಸ್ತುಗಳಿವೆ. ಒಂದು ಕಬ್ಬಿಣ, ಇನ್ನೊಂದು ಫೋಲಿಕ್ ಆಮ್ಲ. ಮುಂದಿನ ವಾರ ಆ ಮಾತ್ರೆ ನಿಮ್ಮ ಅಂಗೈಗೆ ಬಂದಾಗ ಭೀಮಾವರಂನ ಸುಬ್ಬಾರಾವ್ ಅವರನ್ನು ಒಮ್ಮೆ ನೆನೆಯಿರಿ. ಮಾತ್ರೆಯನ್ನು ಬಿಸಾಡದೆ ಗುರುಗಳು ಹೇಳಿದಂತೆ ಊಟವಾದ ಮೇಲೆ ನುಂಗಿರಿ. ಮನೆಯಲ್ಲಿ ಪಾಲಕ್, ಮೆಂತ್ಯದ ಸೊಪ್ಪು, ಹೆಸರುಕಾಳು, ಕಡಲೆಕಾಯಿಗಳನ್ನು ಬೇಡವೆನ್ನದೆ ತಿನ್ನಿರಿ. ಅವುಗಳಲ್ಲಿಯೂ ಅದೇ ಜೀವಸತ್ವವಿದೆ.

ಪರೀಕ್ಷೆಯಲ್ಲಿ ಎಂದಾದರೂ ಸೋತರೆ ಎದೆಗುಂದಬೇಡಿ. ಎರಡು ಸಲ ಸೋತು ಮೂರನೆಯ ಸಲ ಗೆದ್ದ ಹುಡುಗನ ಕಥೆ ಈಗ ನಿಮಗೆ ಗೊತ್ತಿದೆ. ಇಂದು ಸಂಜೆ ಆಟವಾಡಿ ದಣಿದು ನಿಂತಾಗ ಮತ್ತೆ ಮಣಿಕಟ್ಟನ್ನು ಹಿಡಿದು ನಾಡಿ ನೋಡಿರಿ. ಅದು ಬೇಗಬೇಗ ಮಿಡಿಯುತ್ತಿರುತ್ತದೆ. ಖರ್ಚಾದ ಬಲವನ್ನು ದೇಹ ಮತ್ತೆ ತುಂಬಿಕೊಳ್ಳುತ್ತಿದೆ ಎಂಬುದು ಆಗ ನಿಮ್ಮ ಬೆರಳಿಗೇ ತಿಳಿಯುತ್ತದೆ.